ಬೆಳಕಿನ ಗೆರೆಯ ಅಗಲ ಅಳೆದ ವೈನು ಬಪ್ಪು

ಕಾಸರಗೋಡಿನಲ್ಲಿ ರೈಲು ಹತ್ತಿ ದಕ್ಷಿಣಕ್ಕೆ ಹೊರಟರೆ ಎರಡು ಗಂಟೆಯ ಒಳಗೆ ಕಣ್ಣೂರು ಸಿಗುತ್ತದೆ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಗುವ ತನಕ ನಮ್ಮ ಭೂಮಿಕಾಣಿಯ ಕಾಗದಪತ್ರಗಳಿಗೆ ಜಿಲ್ಲಾಕೇಂದ್ರವೂ ಆ ಊರೇ ಆಗಿತ್ತು. ಆ ಕಣ್ಣೂರು ಮೂಲದ ಮನೆತನವೊಂದರ ಕುಡಿ, ಪ್ರಪಂಚದ ಖಗೋಲವಿಜ್ಞಾನಿಗಳ ಒಕ್ಕೂಟಕ್ಕೆ ಅಧ್ಯಕ್ಷರಾದ ಪ್ರಥಮ ಭಾರತೀಯ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ಡಾ. ಮನಾಲಿ ಕಲ್ಲಾಟ್ ವೈನು ಬಪ್ಪು ಅವರ ಹೆಸರು ನಮ್ಮ ಎಳೆಯ ಓದುಗರಿಗೆ ಬಹುಶಃ ಒಂದು ದೂರದರ್ಶಕದ ಹೆಸರಾಗಿ ಮಾತ್ರ ಪರಿಚಿತ. ಅವರು ತೀರಿಕೊಂಡು ನಾಲ್ಕು ದಶಕಗಳು ಕಳೆದಿವೆ.

ಅವರನ್ನು ಈಗ ನೆನೆಯಲು ಕಾರಣವುಂಟು. ಪತ್ರಿಕೆಗಳಲ್ಲಿ ಆಗಾಗ ಕೃಷ್ಣವಿವರಗಳ ಸುದ್ದಿ ಬರುತ್ತದೆ. ಇಂಥ ಗೆಲಾಕ್ಸಿಯ ನಡುವೆ ಇಷ್ಟು ಕೋಟಿ ಸೂರ್ಯರ ತೂಕದ ಕಪ್ಪು ಕುಳಿಯಿದೆ ಎಂದು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಬೆಳಕನ್ನೇ ಹೊರಗೆ ಬಿಡದ ವಸ್ತುವನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಿದರು ಎಂದು ಕೇಳುವವರಿಗೆ ಅಲ್ಲಿ ಉತ್ತರವಿಲ್ಲ. ಆ ತಕ್ಕಡಿ ಒಂದು ಗೆರೆಯ ಅಗಲ. ದೂರದ ಬೆಳಕನ್ನು ಬಣ್ಣಬಣ್ಣವಾಗಿ ಒಡೆದು, ಅದರಲ್ಲಿ ಕಾಣುವ ಗೆರೆ ಎಷ್ಟು ದಪ್ಪಗಿದೆ ಎಂದು ಅಳೆಯುವುದು. ಬಪ್ಪು ಅವರು ಕೃಷ್ಣವಿವರವನ್ನು ತೂಗಿದವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಆದರೆ ಗೆರೆಯ ಅಗಲವೊಂದನ್ನೇ ಹಿಡಿದು ನಕ್ಷತ್ರದ ಗುಟ್ಟನ್ನು ಹೊರಗೆಳೆಯಬಹುದು ಎಂದು ತೋರಿಸಿ ಲೋಕವಿಖ್ಯಾತರಾದವರು ಅವರು. ಕೃಷ್ಣವಿವರ ಎಂಬ ಮಾತೇ ಇನ್ನೂ ಚಲಾವಣೆಗೆ ಬಾರದಿದ್ದ ಕಾಲದಲ್ಲಿ ಈ ಕೆಲಸ ನಡೆಯಿತು.

ಹುಟ್ಟಿದ್ದು ಮದರಾಸಿನಲ್ಲಿ, 1927ರ ಆಗಸ್ಟ್ 10ರಂದು. ತಂದೆತಾಯಿಗೆ ಒಬ್ಬನೇ ಮಗ. ಬೆಳೆದದ್ದು ಹೈದರಾಬಾದಿನಲ್ಲಿ. ತಂದೆಗೆ ಅಲ್ಲಿಯ ನಿಜಾಮಿಯಾ ವೇಧಶಾಲೆಯಲ್ಲಿ ಉದ್ಯೋಗವಿದ್ದುದರಿಂದ ಹುಡುಗನಿಗೆ ದೂರದರ್ಶಕವೆಂಬುದು ಮನೆಯ ಬಾವಿಕಟ್ಟೆಯಷ್ಟೇ ಬಳಕೆಯ ವಸ್ತುವಾಯಿತು. ನಮ್ಮಲ್ಲಿ ಎಷ್ಟು ಮಕ್ಕಳಿಗೆ ಈ ಭಾಗ್ಯ ಸಿಕ್ಕೀತು?

ಆ ವೇಧಶಾಲೆಯ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1901ರಲ್ಲಿ ನವಾಬ ಜಫರ್ ಜಂಗ್ ಎಂಬ ಸಿರಿವಂತರು ಆಕಾಶದ ಹುಚ್ಚಿಗಾಗಿ ಇಂಗ್ಲೆಂಡಿನಿಂದ 15 ಅಂಗುಲ ಮಸೂರದ ದೂರದರ್ಶಕವನ್ನು ತರಿಸಿ ಸ್ವಂತ ಖರ್ಚಿನಲ್ಲಿ ಅದನ್ನು ಸ್ಥಾಪಿಸಿದರು. 1908ರಲ್ಲಿ ನಿಜಾಮ ಸರಕಾರ ಅದನ್ನು ವಹಿಸಿಕೊಂಡಿತು. ಬೇಗಂಪೇಟೆಗೆ ಅದು ಸ್ಥಳಾಂತರವಾಯಿತು. 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಕೈಗೆ ಬಂತು. ಇಡೀ ಆಕಾಶವನ್ನು ಹಂಚಿಕೊಂಡು ಫೋಟೋ ತೆಗೆದು ನಕ್ಷತ್ರಗಳ ಪಟ್ಟಿ ಮಾಡುವ ದೊಡ್ಡ ಯೋಜನೆಯೊಂದನ್ನು 1887ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಖಗೋಲಜ್ಞರು ಹಾಕಿಕೊಂಡಿದ್ದರು. ಅದರಲ್ಲಿ ಚಿಲಿ ದೇಶದ ಸಾಂತಿಯಾಗೋ ಮಾಡದೆ ಬಿಟ್ಟ ಪಾಲನ್ನು, ಅಂದರೆ ಆಕಾಶದ ವಿಷುವದ್ವೃತ್ತದಿಂದ ದಕ್ಷಿಣಕ್ಕೆ 17ರಿಂದ 23 ಡಿಗ್ರಿವರೆಗಿನ ಪಟ್ಟಿಯನ್ನು, ಹೈದರಾಬಾದು ಎತ್ತಿಕೊಂಡಿತು. ಲಕ್ಷಗಟ್ಟಲೆ ನಕ್ಷತ್ರಗಳನ್ನು ಒಂದೊಂದಾಗಿ ಅಳೆದು ಬರೆದು ಸಂಪುಟಗಳಾಗಿ ಅಚ್ಚು ಹಾಕಿಸಿತು. ವರ್ಷಾನುವರ್ಷ ಗಾಜಿನ ಫಲಕವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಚುಕ್ಕಿಯಿಂದ ಚುಕ್ಕಿಗೆ ಕಣ್ಣು ಸರಿಸುವ ಈ ಕೆಲಸಕ್ಕೆ ಹೊಗಳಿಕೆ ಕಡಿಮೆ, ಬೆನ್ನುನೋವು ಹೆಚ್ಚು.

ಈ ಹೈದರಾಬಾದು ಕನ್ನಡಿಗರಿಗೆ ಪರಸ್ಥಳವಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ನಿಜಾಮರ ಸಂಸ್ಥಾನದಲ್ಲಿ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿದ್ದವು. ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ ಜಿಲ್ಲೆಯ ತಾಲೂಕುಗಳು. ಮನೆಗೆ ಹಾಸುವ ಕಲ್ಲಿಗೂ ತೊಗರಿಗೂ ಹೆಸರಾದ ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲೂಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಎಂಬುದು ಆ ಕಡೆಯ ಕುಟುಂಬಗಳ ನಿತ್ಯದ ಬಾಳು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದುದೂ ಉರ್ದುವಿನಲ್ಲೇ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ, ಗುಲಬರ್ಗಾಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಾರಾಯಣಖೇಡ್, ತಾಂಡೂರು ತಾಲೂಕುಗಳೂ ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಹೋದವು. ಅದೇ ದಿನ, ಅದೇ ಕಾನೂನಿನಿಂದ, ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಬಂತು. ಈಗ ಜಹೀರಾಬಾದ್, ನಾರಾಯಣಖೇಡ್ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಗಡಿಗೆರೆಯೊಂದು ಮನೆಯಂಗಳದಲ್ಲಿ ಹಾದುಹೋಗುವುದೆಂದರೇನೆಂದು ಅವರಿಗೂ ಗೊತ್ತು, ನಮಗೂ ಗೊತ್ತು.

ಅಂಥ ಹಲವು ನುಡಿಗಳ ಪಟ್ಟಣದಲ್ಲಿ ಮಲೆಯಾಳ ಮೂಲದ ಹುಡುಗನೊಬ್ಬ ಬೆಳೆದ. ನಿಜಾಂ ಕಾಲೇಜಿನಲ್ಲಿ ಓದಿದ. ಹೈದರಾಬಾದಿನ ನಡುವೆಯೇ ಇದ್ದರೂ ಆ ಕಾಲೇಜು 1947ರ ತನಕ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಆದ್ದರಿಂದ ಬಪ್ಪು ಅವರ ಪದವಿ ಮದರಾಸಿನದು. ಉರ್ದು ಕಾವ್ಯದ ರುಚಿ ಮಾತ್ರ ಹೈದರಾಬಾದಿನದು; ಅದು ಕೊನೆಯವರೆಗೂ ಅವರನ್ನು ಬಿಡಲಿಲ್ಲ. ವಿದ್ಯಾರ್ಥಿಯಾಗಿರುವಾಗಲೇ ಬೆಳಕು ಏರಿಳಿಯುವ ನಕ್ಷತ್ರಗಳನ್ನು ನೋಡಿ ಬರೆದ ಲೇಖನಗಳು ಅಚ್ಚಾದವು. ಆದರೆ ಈ ಶಾಸ್ತ್ರವನ್ನು ಮುಂದೆ ಓದಲು ಆಗ ಭಾರತದಲ್ಲಿ ಹೆಚ್ಚಿನ ಅನುಕೂಲವಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. ಸೊಲ್ಲಾಪುರದಿಂದ ಹೊರಟ ಸೇನೆ ಹುಮನಾಬಾದ್, ಜಹೀರಾಬಾದುಗಳ ಹಾದಿಯಾಗಿಯೇ ಹೈದರಾಬಾದಿನತ್ತ ನಡೆಯಿತು. ಆ ಸೀಮೆಯ ಹಳ್ಳಿಗಳು ಕಂಡ ಕಷ್ಟನಷ್ಟಗಳು ಬೇರೆಯೇ ಒಂದು ಕಥೆ. ಆ ಗಡಿಬಿಡಿಯ ಕೆಲವೇ ತಿಂಗಳ ಬಳಿಕ, 1949ರ ಆರಂಭದಲ್ಲಿ, ಹೈದರಾಬಾದು ಸರಕಾರದ ವಿದ್ಯಾರ್ಥಿವೇತನ ಪಡೆದು ಬಪ್ಪು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಸೇರಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ.

ಹೋಗಿ ಆರು ತಿಂಗಳಾಗುವಷ್ಟರಲ್ಲಿ ಹೆಸರು ಬಂತು. 1949ರ ಜುಲೈ 2ರಂದು ವಾಡಿಕೆಯಂತೆ ಆಕಾಶದ ಚಿತ್ರ ತೆಗೆದಾಗ ಫಲಕದ ಮೇಲೆ ಇರಬಾರದ ಕಡೆಯಲ್ಲಿ ಮಸುಕಾದ ಮಚ್ಚೆಯೊಂದು ಕಂಡಿತು. ಅದು ಹೊಸ ಧೂಮಕೇತು. ಪ್ರಾಧ್ಯಾಪಕ ಬಾರ್ಟ್ ಬಾಕ್, ಜತೆಗಾರ ಗೋರ್ಡನ್ ನ್ಯೂಕರ್ಕ್ ಇಬ್ಬರೂ ಸೇರಿ ಅದನ್ನು ಖಚಿತಪಡಿಸಿದರು. ಬಪ್ಪು–ಬಾಕ್–ನ್ಯೂಕರ್ಕ್ ಎಂದು ಮೂವರ ಹೆಸರನ್ನೂ ಹೊತ್ತ ಆ ಧೂಮಕೇತು ಮತ್ತೆ ಸೂರ್ಯನ ಬಳಿಗೆ ಬರಲು ಸುಮಾರು 60,000 ವರ್ಷ ಬೇಕೆಂದು ಲೆಕ್ಕ ಹಾಕಿದರು. ಈ ಶೋಧಕ್ಕಾಗಿ ಪೆಸಿಫಿಕ್ ಖಗೋಲ ಸಂಘದ ಡೊನೊಹೋ ಪದಕ ದೊರಕಿತು. ಧೂಮಕೇತು ಸಿಗುವುದರಲ್ಲಿ ಅದೃಷ್ಟದ ಪಾಲೂ ಇದೆ ಎಂದು ನಾವು ಭಾವಿಸುತ್ತೇವೆ. ಅವರ ಮುಂದಿನ ಕೆಲಸದಲ್ಲಿ ಅದೃಷ್ಟದ ಪಾಲು ಕಡಿಮೆ.

ಹಾರ್ವರ್ಡಿನಲ್ಲಿ ಡಾಕ್ಟರೇಟ್ ಮುಗಿಸಿದ ಅವರಿಗೆ ಕಾರ್ನೆಗಿ ಸಂಸ್ಥೆಯ ಫೆಲೋಶಿಪ್ ಸಿಕ್ಕಿತು. ಅದರಿಂದ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೇಧಶಾಲೆಗಳ ಬಾಗಿಲು ತೆರೆಯಿತು. ಅಲ್ಲಿ ಹಿರಿಯ ಖಗೋಲಜ್ಞ ಓಲಿನ್ ವಿಲ್ಸನ್ ಜತೆಗೂಡಿದರು.

ಅವರು ಮಾಡಿದ್ದೇನು ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇವೆ. ನಕ್ಷತ್ರದ ಬೆಳಕನ್ನು ಪಟ್ಟಕದಂಥ ಸಾಧನದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಪಟ್ಟಿ ಮೂಡುತ್ತದೆ. ಇದಕ್ಕೆ ರೋಹಿತವೆಂದು ಹೆಸರು. ಈ ಪಟ್ಟಿಯಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ಒಂದೊಂದು ಮೂಲವಸ್ತು ತನ್ನದೇ ಜಾಗದಲ್ಲಿ ಗೆರೆ ಎಳೆಯುತ್ತದೆ. ನಮ್ಮ ಎಲುಬಿನಲ್ಲಿರುವ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ನೇರಳೆ ಬಣ್ಣದ ಕೊನೆಯಲ್ಲಿ ಎರಡು ದಪ್ಪ ಕಪ್ಪು ಗೆರೆಗಳನ್ನು ಎಳೆಯುತ್ತದೆ. ಅವುಗಳಲ್ಲಿ ಒಂದಕ್ಕೆ ಕೆ ಗೆರೆ ಎಂದು ಹೆಸರು. ಸೂರ್ಯನಂಥ, ಮತ್ತು ಸೂರ್ಯನಿಗಿಂತ ತಣ್ಣಗಿನ ನಕ್ಷತ್ರಗಳಲ್ಲಿ ಈ ಕಪ್ಪು ಗೆರೆಯ ನಟ್ಟನಡುವೆ ಒಂದು ಸಣ್ಣ ಹೊಳೆಯುವ ಗೆರೆ ಕಾಣಿಸುತ್ತದೆ; ಕರಿಯಂಚಿನ ಸೀರೆಯ ಅಂಚಿನೊಳಗೆ ಜರಿಯ ಎಳೆ ಇದ್ದ ಹಾಗೆ. ಆ ಜರಿಯ ಎಳೆಯ ಅಗಲವನ್ನು ವಿಲ್ಸನ್ ಮತ್ತು ಬಪ್ಪು ನಕ್ಷತ್ರದಿಂದ ನಕ್ಷತ್ರಕ್ಕೆ ಅಳೆದರು. ನಕ್ಷತ್ರ ನಿಜವಾಗಿ ಎಷ್ಟು ಪ್ರಕಾಶಮಾನವೋ ಅದಕ್ಕೆ ಸರಿಯಾಗಿ ಎಳೆಯ ಅಗಲವೂ ಹೆಚ್ಚುತ್ತದೆ ಎಂದು ಕಂಡುಬಂತು. ಅತಿ ಮಂಕು ಕುಬ್ಜ ನಕ್ಷತ್ರಕ್ಕೂ ಅದಕ್ಕಿಂತ ಹತ್ತು ಲಕ್ಷ ಪಟ್ಟು ಬೆಳಗುವ ದೈತ್ಯ ನಕ್ಷತ್ರಕ್ಕೂ ಒಂದೇ ನಿಯಮ. ಈ ಪ್ರಬಂಧ 1957ರಲ್ಲಿ ಪ್ರಕಟವಾಯಿತು. ವಿಲ್ಸನ್–ಬಪ್ಪು ಪರಿಣಾಮ ಎಂಬ ಹೆಸರಿನಲ್ಲಿ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ಇದರ ಪ್ರಯೋಜನವೇನು? ದೂರದ ದೀಪವೊಂದು ಮಂಕಾಗಿ ಕಂಡರೆ ಅದು ಹತ್ತಿರದ ಹಣತೆಯೋ ದೂರದ ಪೆಟ್ರೋಮ್ಯಾಕ್ಸೋ ಎಂದು ಹೇಳಲಾಗದು. ದೀಪದ ನಿಜವಾದ ಶಕ್ತಿ ಗೊತ್ತಾದರೆ ದೂರವನ್ನು ಲೆಕ್ಕ ಹಾಕಬಹುದು. ಗೆರೆಯ ಅಗಲ ಅಳೆದರೆ ನಕ್ಷತ್ರದ ಶಕ್ತಿ ತಿಳಿಯಿತು. ಶಕ್ತಿ ತಿಳಿದರೆ ದೂರವೂ ತಿಳಿಯಿತು.

ಇನ್ನು ಕೃಷ್ಣವಿವರದ ತೂಕಕ್ಕೆ ಬರೋಣ. ನಮ್ಮ ನಿಲ್ದಾಣದಲ್ಲಿ ನಿಲ್ಲದೆ ಹಾದುಹೋಗುವ ರೈಲಿನ ಸಿಳ್ಳು ಬರುವಾಗ ಕೀಚಲಾಗಿಯೂ ದಾಟಿಹೋದೊಡನೆ ದಪ್ಪವಾಗಿಯೂ ಕೇಳುವುದನ್ನು ಎಲ್ಲರೂ ಬಲ್ಲೆವು. ಬೆಳಕೂ ಹಾಗೆಯೇ. ನಮ್ಮತ್ತ ಬರುವ ವಸ್ತುವಿನ ಗೆರೆ ನೀಲಿಯ ಕಡೆಗೆ, ದೂರ ಹೋಗುವುದರ ಗೆರೆ ಕೆಂಪಿನ ಕಡೆಗೆ ಸರಿಯುತ್ತದೆ. ಗೆಲಾಕ್ಸಿಯೆಂದರೆ ಕೋಟ್ಯಂತರ ನಕ್ಷತ್ರಗಳ ಊರು. ನಮ್ಮ ಆಕಾಶಗಂಗೆಯೂ ಅಂಥದೊಂದು. ಅದರ ನಟ್ಟನಡುವೆ ಭಾರವಾದ ವಸ್ತುವೇನಾದರೂ ಇದ್ದರೆ ಸುತ್ತಲಿನ ನಕ್ಷತ್ರಗಳೂ ಅನಿಲವೂ ವೇಗವಾಗಿ ಸುತ್ತಬೇಕು, ಇಲ್ಲವಾದರೆ ಒಳಗೆ ಬಿದ್ದುಹೋದಾವು. ಸುತ್ತುವಾಗ ಕೆಲವು ನಮ್ಮತ್ತ, ಕೆಲವು ಆಚೆಗೆ. ಎಲ್ಲವುಗಳ ಬೆಳಕು ಒಟ್ಟುಗೂಡಿ ಬಂದಾಗ ಗೆರೆ ಎರಡೂ ಕಡೆಗೆ ಹರಡಿ ಅಗಲವಾಗುತ್ತದೆ. ಅಗಲದಿಂದ ವೇಗ, ವೇಗ ಮತ್ತು ದೂರದಿಂದ ತೂಕ.

ಲೆಕ್ಕ ಕಠಿಣವಲ್ಲ. ನಮ್ಮ ಭೂಮಿ ಸೂರ್ಯನಿಂದ 15 ಕೋಟಿ ಕಿಲೋಮೀಟರ್ ದೂರದಲ್ಲಿ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಅಷ್ಟೇ ದೂರದಲ್ಲಿ ವೇಗ ಇಮ್ಮಡಿಯಾದರೆ ನಡುವಿನ ತೂಕ ನಾಲ್ಕು ಪಟ್ಟು; ಅಷ್ಟೇ ವೇಗದಲ್ಲಿ ದೂರ ಇಮ್ಮಡಿಯಾದರೆ ತೂಕ ಎರಡು ಪಟ್ಟು. 1994ರಲ್ಲಿ ಹಬಲ್ ದೂರದರ್ಶಕವು ಕನ್ಯಾರಾಶಿಯ ದಿಕ್ಕಿನಲ್ಲಿರುವ ಎಂ 87 ಎಂಬ ಗೆಲಾಕ್ಸಿಯ ನಡುವೆ ಒಂದು ಅನಿಲದ ತಟ್ಟೆಯನ್ನು ಕಂಡಿತು. ಕೇಂದ್ರದಿಂದ 60 ಜ್ಯೋತಿರ್ವರ್ಷ ದೂರದಲ್ಲಿ ಅನಿಲದ ವೇಗ ಸೆಕೆಂಡಿಗೆ 550 ಕಿಲೋಮೀಟರ್. ಭೂಮಿಯ ವೇಗದ ಹದಿನೆಂಟು ಪಟ್ಟು. ಅದರ ವರ್ಗ ಸುಮಾರು 335. ಒಂದು ಜ್ಯೋತಿರ್ವರ್ಷವೆಂದರೆ ಭೂಮಿ–ಸೂರ್ಯರ ಅಂತರದ 63,000 ಪಟ್ಟು. ಅರುವತ್ತಕ್ಕೆ ಸುಮಾರು 38 ಲಕ್ಷ. ಗುಣಿಸಿದರೆ ಸುಮಾರು 127 ಕೋಟಿ ಸೂರ್ಯರ ತೂಕ. ಹೈಸ್ಕೂಲಿನ ಮಕ್ಕಳು ಕಾಗದದ ಮೇಲೆ ಮಾಡಿ ನೋಡಬಹುದು. ತಟ್ಟೆ ನಮಗೆ ಓರೆಯಾಗಿ ಇರುವುದರಿಂದ ನಿಜವಾದ ವೇಗ ಇನ್ನೂ ಹೆಚ್ಚು. ಅದನ್ನು ಹಿಡಿದಾಗ ತೂಕ 200 ಕೋಟಿಯನ್ನು ದಾಟಿತು.

ಎಲ್ಲರ ಲೆಕ್ಕವೂ ಒಂದೇ ಬಂದಿತೆಂದು ಯಾರೂ ತಿಳಿಯಬೇಕಾಗಿಲ್ಲ. 1978ರಲ್ಲಿ ಇದೇ ಗೆಲಾಕ್ಸಿಯನ್ನು ನೆಲದ ದೂರದರ್ಶಕದಿಂದ ನೋಡಿದ ವ್ಯಾಲೇಸ್ ಸಾರ್ಜೆಂಟ್, ಪೀಟರ್ ಯಂಗ್ ಮೊದಲಾದವರು 500 ಕೋಟಿ ಎಂದಿದ್ದರು. ಹಲವರು ನಂಬಲಿಲ್ಲ. ಮುಂದೆ ನಕ್ಷತ್ರಗಳ ಚಲನೆಯನ್ನು ಹಿಡಿದು ಅಳೆದವರಿಗೆ 660 ಕೋಟಿ ಬಂತು. ಅನಿಲದ ಚಲನೆಯನ್ನು ಹಿಡಿದವರಿಗೆ 350 ಕೋಟಿ. ಒಂದೇ ಸರಕಿಗೆ ಎರಡು ಅಂಗಡಿಯಲ್ಲಿ ಎರಡು ತೂಕ. 2019ರಲ್ಲಿ ಭೂಮಿಯ ನಾನಾ ಕಡೆಯ ರೇಡಿಯೋ ದೂರದರ್ಶಕಗಳನ್ನು ಒಟ್ಟುಗೂಡಿಸಿ ಆ ಕೃಷ್ಣವಿವರದ ನೆರಳಿನ ಚಿತ್ರವನ್ನೇ ತೆಗೆದಾಗ 650 ಕೋಟಿ ಎಂದು ಕಂಡುಬಂತು. ನಕ್ಷತ್ರಗಳ ತಕ್ಕಡಿಗೆ ಗೆಲುವಾಯಿತು. ಇದಕ್ಕೆ ಹೋಲಿಸಿದರೆ ನಮ್ಮ ಆಕಾಶಗಂಗೆಯ ನಡುವಿನದು ಬಡಪಾಯಿ. ಸುಮಾರು 43 ಲಕ್ಷ ಸೂರ್ಯರ ತೂಕ. ಅದರ ಸುತ್ತ 16 ವರ್ಷಕ್ಕೊಮ್ಮೆ ಸುತ್ತುವ ನಕ್ಷತ್ರವನ್ನು ಕಾದು ನೋಡಿದ ರೈನ್‌ಹಾರ್ಡ್ ಗೆಂಜೆಲ್, ಆಂಡ್ರಿಯಾ ಗೇಜ್ ಅವರಿಗೆ 2020ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ನೆರೆಯ ಆಂಡ್ರೊಮಿಡಾ ಗೆಲಾಕ್ಸಿಯದು ಸುಮಾರು 14 ಕೋಟಿ. ನವೆಂಬರ್, ಡಿಸೆಂಬರ್ ತಿಂಗಳ ಸಂಜೆ ದೀಪಗಳಿಲ್ಲದ ಬಯಲಿನಲ್ಲಿ ನಿಂತು ಉತ್ತರಕ್ಕೆ ತಲೆಯೆತ್ತಿದರೆ ಈ ಗೆಲಾಕ್ಸಿ ಬರಿಗಣ್ಣಿಗೇ ಮಂಜಿನ ತುಣುಕಿನಂತೆ ಕಾಣುತ್ತದೆ.

2000ದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಗೆಲಾಕ್ಸಿಯ ನಡುಗುಡ್ಡೆಯ ನಕ್ಷತ್ರಗಳ ಬೆಳಕಿನ ಗೆರೆ ಎಷ್ಟು ಅಗಲವೋ ಅದಕ್ಕೆ ಸರಿಯಾಗಿ ಒಳಗಿನ ಕೃಷ್ಣವಿವರದ ತೂಕವೂ ಹೆಚ್ಚುತ್ತದೆ ಎಂದು ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಕಾರಣಗಳು ಬೇರೆ, ವಸ್ತುಗಳು ಬೇರೆ. ಆದರೂ ಒಂದು ಗೆರೆಯ ಅಗಲ ಅಳೆದು ನೇರವಾಗಿ ಕೈಗೆ ಸಿಗದ ಸಂಗತಿಯನ್ನು ಓದುವ ಆ ಉಪಾಯದಲ್ಲಿ 1957ರ ಪ್ರಬಂಧದ ಜಾಡು ನಮಗೆ ಕಾಣುತ್ತದೆ.

ಮಾತು ದೂರ ಹೋಯಿತು. ಬಪ್ಪು ಅವರ ಕಥೆಗೆ ಮರಳೋಣ. ಅಮೆರಿಕದಲ್ಲೇ ನೆಲಸಿದ್ದರೆ ಅವರಿಗೆ ಪ್ರಪಂಚದ ಅತಿ ದೊಡ್ಡ ದೂರದರ್ಶಕಗಳು ಕೈಯಳತೆಯಲ್ಲಿದ್ದವು. 1953ರಲ್ಲಿ ಅವರು ಭಾರತಕ್ಕೆ ಹಿಂದಿರುಗಿದರು. ಪಾಲೊಮಾರಿನ 200 ಅಂಗುಲದ ಕನ್ನಡಿಯಿಂದ ಹಿಂದೆ ಬಂದವರಿಗೆ ಇಲ್ಲಿ ಸಿಕ್ಕಿದ್ದು ಬರಿಗೈ. ಉತ್ತರ ಪ್ರದೇಶ ಸರಕಾರ ವಾರಣಾಸಿಯಲ್ಲಿ 1954ರಲ್ಲಿ ಹೊಸದಾಗಿ ಆರಂಭಿಸಿದ ವೇಧಶಾಲೆಯನ್ನು ವಹಿಸಿಕೊಂಡರು. ಬಯಲು ಸೀಮೆಯ ಧೂಳು, ಮಂಜಿನಲ್ಲಿ ಈ ಕೆಲಸ ಸಾಗದೆಂದು 1955ರಲ್ಲಿ ಅದನ್ನು ನೈನಿತಾಲದ ಬೆಟ್ಟಕ್ಕೆ ಒಯ್ದರು. 1960ರಲ್ಲಿ ಕೊಡೈಕನಾಲ್ ವೇಧಶಾಲೆಯ ನಿರ್ದೇಶಕರಾಗಿ ದಕ್ಷಿಣಕ್ಕೆ ಬಂದರು. 1899ರಿಂದ ಸೂರ್ಯನನ್ನು ನೋಡುತ್ತಾ ಬಂದ ಹಳೆಯ ಸಂಸ್ಥೆಯದು. ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ಅಲ್ಲಿಯೇ. ಅದೂ ಗೆರೆ ಸರಿಯುವುದನ್ನು ಅಳೆದೇ.

ಬಪ್ಪು ಅವರಿಗೆ ಹಗಲಿನ ಸೂರ್ಯನಷ್ಟೇ ಸಾಲಲಿಲ್ಲ, ರಾತ್ರಿಯ ಆಕಾಶವೂ ಬೇಕಿತ್ತು. ಕೊಡೈಕನಾಲಿನ ಮೋಡ ಅದಕ್ಕೆ ಅಡ್ಡಿ. ದಕ್ಷಿಣದ ಬೆಟ್ಟಗಳನ್ನು ಹುಡುಕಿಸಿ ಅಂದಿನ ಉತ್ತರ ಆರ್ಕಾಟು ಜಿಲ್ಲೆಯ ಜವ್ವಾದು ಬೆಟ್ಟದ ಕಾವಲೂರು ಎಂಬ ಕಾಡೂರನ್ನು ಆರಿಸಿದರು. ಮಂಗಳೂರಿನಿಂದ ಚೆನ್ನೈಗೆ ಹೋಗುವ ರೈಲಿನಲ್ಲಿ ಜೋಲಾರ್‌ಪೇಟೆಯನ್ನು ದಾಟಿದವರು ಆ ಸೀಮೆಯ ಪಕ್ಕದಲ್ಲೇ ಹಾದುಹೋಗಿದ್ದಾರೆ. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೆ ಸ್ವಲ್ಪ ಮಿಕ್ಕಿದ ಎತ್ತರ; ಸುತ್ತ ಗಂಧದ ಕಾಡು; ಊರಿನ ದೀಪಗಳ ಕಾಟವಿಲ್ಲ. ಕಾವಲೂರಿನ ಅಕ್ಷಾಂಶ 12 ಡಿಗ್ರಿ 34 ಮಿನಿಟು. ನಮ್ಮ ಕಾಸರಗೋಡಿನದು ಸುಮಾರು 12 ಡಿಗ್ರಿ 30 ಮಿನಿಟು. ಅಲ್ಲಿ ನೆತ್ತಿಯ ಮೇಲೆ ಹಾಯುವ ನಕ್ಷತ್ರಗಳೇ ಸ್ವಲ್ಪ ಹೊತ್ತಿನ ಬಳಿಕ ನಮ್ಮ ತೆಂಗಿನ ತೋಟಗಳ ಮೇಲೆ ಹಾಯುತ್ತವೆ. ಇಷ್ಟು ದಕ್ಷಿಣದಲ್ಲಿದ್ದರೆ ಉತ್ತರದ ಆಕಾಶವೂ ಸಿಗುತ್ತದೆ, ಯುರೋಪಿನವರಿಗೆ ಕಾಣದ ದಕ್ಷಿಣದ ಆಕಾಶವೂ ಬಹುಪಾಲು ಸಿಗುತ್ತದೆ. ಆಕಾಶಗಂಗೆಯ ಕೇಂದ್ರವಿರುವ ಧನು ರಾಶಿ ಅಲ್ಲಿ ಎತ್ತರಕ್ಕೆ ಏರುತ್ತದೆ.

1968ರಲ್ಲಿ ಸಂಸ್ಥೆಯವರೇ ಮಾಡಿದ 38 ಸೆಂಟಿಮೀಟರ್ ಕನ್ನಡಿಯ ದೂರದರ್ಶಕದಿಂದ ಕೆಲಸ ಸುರುವಾಯಿತು. 1972ರಲ್ಲಿ ಜರ್ಮನಿಯ ಯೇನಾದಿಂದ ತರಿಸಿದ ಒಂದು ಮೀಟರ್ ಕನ್ನಡಿಯದು ಬಂತು. ಅದೇ ವರ್ಷ ಗುರುಗ್ರಹದ ಗ್ಯಾನಿಮೀಡ್ ಚಂದ್ರನನ್ನೂ, 1977ರ ಮಾರ್ಚ್ 10ರಂದು ಯುರೇನಸ್ ಗ್ರಹವನ್ನೂ ಅವು ನಕ್ಷತ್ರವನ್ನು ಮರೆಮಾಡುವ ಹೊತ್ತಿನಲ್ಲಿ ಅಲ್ಲಿಂದ ನೋಡಿದರು. ಯುರೇನಸ್ಸಿಗೆ ಬಳೆಗಳಿವೆಯೆಂಬ ಸಂಗತಿ ಬಯಲಾದದ್ದು ಆ ರಾತ್ರಿಯ ವೀಕ್ಷಣೆಗಳಿಂದ.

ಈ ನಡುವೆ 1971ರ ಏಪ್ರಿಲ್ 1ರಂದು ಕೊಡೈಕನಾಲಿನ ಸಂಸ್ಥೆ ಸ್ವಾಯತ್ತವಾಗಿ ಭಾರತೀಯ ಖಭೌತ ಸಂಸ್ಥೆಯೆನಿಸಿತು. 1975ರಲ್ಲಿ ಅದರ ಕೇಂದ್ರ ಬೆಂಗಳೂರಿಗೆ ಬಂದು ಕೋರಮಂಗಲದಲ್ಲಿ ನೆಲೆಯೂರಿತು. ದೊಡ್ಡ ದೂರದರ್ಶಕವನ್ನು ಹಣ ಕೊಟ್ಟು ಹೊರಗಿನಿಂದ ತರಿಸುವುದು ಸುಲಭ. ಬಪ್ಪು ಹಿಡಿದ ಹಟ ಬೇರೆ. 2.34 ಮೀಟರ್ ಅಗಲದ ಕನ್ನಡಿಗೆ ಬೇಕಾದ ಗಾಜಿನ ಗಟ್ಟಿ ಮಾತ್ರ ಜರ್ಮನಿಯದು. ಉಜ್ಜುವುದು, ಹದಗೊಳಿಸುವುದು, ಹೊಳಪು ಕೊಡುವುದು ಸಂಸ್ಥೆಯ ಕಾರ್ಯಾಗಾರದಲ್ಲೇ ಆಗಬೇಕು. ಉಕ್ಕಿನ ಚೌಕಟ್ಟು ಮಹಾರಾಷ್ಟ್ರದ ವಾಲ್‌ಚಂದ್‌ನಗರದ ಕಾರ್ಖಾನೆಯಲ್ಲಿ. ಒಂದು ಕೂದಲೆಳೆಯ ದಪ್ಪದ ಸಾವಿರದ ಒಂದು ಪಾಲಿನಷ್ಟೂ ಏರುತಗ್ಗು ಇರಬಾರದ ಕನ್ನಡಿಯದು. ಕೆಲಸ ನಿಧಾನವಾಯಿತು, ವರ್ಷಗಳು ಉರುಳಿದವು. ಹೀಗೆ ಕಾಲ ಕಳೆದದ್ದು ನಷ್ಟವಲ್ಲವೇ ಎಂದು ಕೇಳುವವರೂ ಇರಬಹುದು; ಅಷ್ಟು ವರ್ಷಗಳಲ್ಲಿ ತರಬೇತಾದ ಕೈಗಳ ಬೆಲೆಯನ್ನೂ ಅವರು ಲೆಕ್ಕಕ್ಕೆ ಹಿಡಿಯಲಿ.

ಹೈದರಾಬಾದೂ ಸುಮ್ಮನೆ ಕುಳಿತಿರಲಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾನಿಲಯ 1968ರಲ್ಲಿ ಊರ ಹೊರಗಿನ ಜಪಾಲ್–ರಂಗಾಪುರದಲ್ಲಿ 48 ಅಂಗುಲದ ದೂರದರ್ಶಕವನ್ನು ಸ್ಥಾಪಿಸಿತು. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ಅಂಕೋಲೆಯಲ್ಲಿ ನೆಲ ಮುಟ್ಟಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ರಂಗಾಪುರವನ್ನೂ ದಾಟಿತು. ಬಪ್ಪು ಅವರ ಸಂಸ್ಥೆಯ ತಂಡ ರಾಯಚೂರು ಜಿಲ್ಲೆಯ ಜವಳಗೆರೆಯಲ್ಲಿ ಬೀಡುಬಿಟ್ಟಿತ್ತು. ಅಂದು ಊರೂರುಗಳಲ್ಲಿ ಜನ ಕದವಿಕ್ಕಿ ಮನೆಯೊಳಗೇ ಕುಳಿತರು. ಜಗತ್ತಿನ ವಿಜ್ಞಾನಿಗಳು ಅದೇ ನೆರಳಿಗಾಗಿ ಸಮುದ್ರ ದಾಟಿ ಬಂದಿದ್ದರು. ಬೇಗಂಪೇಟೆಯ ಹಳೆಯ ವೇಧಶಾಲೆಯ ಆವರಣದಲ್ಲಿ ಈಗ ಆರ್ಥಿಕ ಮತ್ತು ಸಾಮಾಜಿಕ ಅಧ್ಯಯನ ಕೇಂದ್ರವಿದೆ.

ಮನ್ನಣೆಗಳು ಸಾಲಾಗಿ ಬಂದವು: 1970ರ ಭಟ್ನಾಗರ್ ಪ್ರಶಸ್ತಿ, 1981ರ ಪದ್ಮಭೂಷಣ. 1967ರಿಂದ 1973ರ ತನಕ ಅಂತರರಾಷ್ಟ್ರೀಯ ಖಗೋಲ ಒಕ್ಕೂಟದ ಉಪಾಧ್ಯಕ್ಷರಾಗಿದ್ದವರನ್ನು 1979ರಲ್ಲಿ ಮಾಂಟ್ರಿಯಲ್ ಅಧಿವೇಶನವು ಅಧ್ಯಕ್ಷರನ್ನಾಗಿ ಆರಿಸಿತು. ಮುಂದಿನ ಅಧಿವೇಶನ 1982ರ ಆಗಸ್ಟಿನಲ್ಲಿ ಗ್ರೀಸಿನ ಪತ್ರಾಸ್ ಪಟ್ಟಣದಲ್ಲಿ. ಅಧ್ಯಕ್ಷರ ಪೀಠದಲ್ಲಿ ಅವರು ಕುಳಿತುಕೊಳ್ಳಲಾಗಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗೊಳಗಾಗಿದ್ದ ಬಪ್ಪು ಅಧಿವೇಶನ ನಡೆಯುತ್ತಿದ್ದಾಗಲೇ, ಆಗಸ್ಟ್ 19ರಂದು, ಜರ್ಮನಿಯ ಮ್ಯೂನಿಕ್ಕಿನಲ್ಲಿ ಕೊನೆಯುಸಿರೆಳೆದರು. ಐವತ್ತೈದು ತುಂಬಿ ಒಂಬತ್ತು ದಿನಗಳಾಗಿದ್ದವು.

ಕನ್ನಡಿ ಇನ್ನೂ ಕಾರ್ಯಾಗಾರದಲ್ಲೇ ಇತ್ತು. ಅದು ಮುಗಿದು ಕಾವಲೂರಿನ ಬೆಟ್ಟವೇರಿ ಬೆಳಕು ಕಂಡದ್ದು ಮತ್ತೆ ಮೂರು ವರ್ಷಗಳಿಗೆ. 1986ರ ಜನವರಿ 6ರಂದು ಪ್ರಧಾನಮಂತ್ರಿ ರಾಜೀವ್ ಗಾಂಧಿ ದೂರದರ್ಶಕಕ್ಕೂ ವೇಧಶಾಲೆಗೂ ವೈನು ಬಪ್ಪು ಎಂದು ಹೆಸರಿಟ್ಟರು. ಕೆಲಸ ಮಾಡಿಸಿದವರು ಅದರಲ್ಲಿ ಕಣ್ಣಿಟ್ಟು ನೋಡಲಿಲ್ಲ. 1979ರಲ್ಲಿ ಕಂಡುಬಂದ 2596ನೇ ಕ್ಷುದ್ರಗ್ರಹಕ್ಕೂ ಅವರದೇ ಹೆಸರಿದೆ.

ಅವರು ಕಟ್ಟಿದ ಸಂಸ್ಥೆಗೆ ಮುಂದೆ ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ ಸೇರಿದರು. ಕನ್ನಡದ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ. ಕೆಣಕಿದ ಕೃಷ್ಣವಿವರ ಬಡಿದ ಗಂಟೆಯಂತೆ ಮಿಡಿದು ಸುಮ್ಮನಾಗುತ್ತದೆ, ಆ ಮಿಡಿತದಲ್ಲಿ ಅದರ ತೂಕದ ಸುಳಿವಿದೆ ಎಂದು 1970ರಲ್ಲೇ ಲೆಕ್ಕದಿಂದ ತೋರಿಸಿದವರು ಅವರು, 2017ರಲ್ಲಿ ತೀರಿಕೊಂಡರು.

ಲಡಾಖಿನ ಹಾನ್ಲೆಯಲ್ಲಿ, ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ, ಅದೇ ಸಂಸ್ಥೆ 2000ದಲ್ಲಿ ಎರಡು ಮೀಟರಿನ ದೂರದರ್ಶಕವನ್ನು ನಿಲ್ಲಿಸಿತು. ಅದನ್ನು ಉಪಗ್ರಹದ ಸಂಪರ್ಕದಿಂದ ನಡೆಸುವವರು ಕುಳಿತಿರುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ. ಅಲ್ಲಿಂದ ಕೃಷ್ಣವಿವರಗಳ ತೂಕವನ್ನೂ ಅಳೆದಿದ್ದಾರೆ. ಉಪಾಯ ನಮ್ಮ ಮಳೆಗಾಲದ ಮಕ್ಕಳದೇ: ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ ಸಿಡಿಲು ಎಷ್ಟು ದೂರವೆಂದು ಹೇಳುವ ಹಾಗೆ. ಗೆಲಾಕ್ಸಿಯ ಕೇಂದ್ರದ ಬೆಳಕು ಒಮ್ಮೆ ಏರಿದರೆ ಸುತ್ತಲಿನ ಅನಿಲ ಮೋಡಗಳು ಕೆಲವು ದಿನ ತಡವಾಗಿ ಬೆಳಗುತ್ತವೆ. ಆ ತಡ ಎಷ್ಟು ದಿನವೆಂದು ರಾತ್ರಿಯಿಂದ ರಾತ್ರಿಗೆ ಕಾದು ನೋಡಿದರೆ ಮೋಡದ ದೂರ ಸಿಗುತ್ತದೆ. ಮೋಡದ ವೇಗ ಬೇಕಾದರೆ ಮತ್ತೆ ರೋಹಿತವನ್ನು ಹರಡಿ ಆ ಗೆರೆ ಎಷ್ಟು ಅಗಲವಿದೆಯೆಂದು ಅಳೆಯಬೇಕು.